ಎರಡು ಲಕ್ಷದ ವ್ಯಾನು, ಏಳೂವರೆ ಅಡಿಯ ಕೋಲು

ಪ್ರಶ್ನೆ: ಹಲವು ವರ್ಷ ದುಬೈಯಲ್ಲಿದ್ದು ಈಗ ಸುರತ್ಕಲ್‌ಗೆ ಮರಳಿದ್ದೇನೆ. ಅಲ್ಲಿ ಕಲಿತ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ನೀರ ಮೇಲೆ ಸಾಗುವ ಆಟ) ಹುಚ್ಚು ಬಿಡಲಿಲ್ಲ, ಮನೆ ಸಾಮಾನಿನ ಜೊತೆ ಬೋರ್ಡೂ ಹಡಗು ಹತ್ತಿ ಬಂತು. ಬೋರ್ಡಿನ ಉದ್ದ 245 ಸೆಂ.ಮೀ., ಅಗಲ 68. ಹಾಯಿ ಎರಡು (5.5 ಮತ್ತು 7 ಚದರ ಮೀಟರ್), 430 ಮತ್ತು 460 ಸೆಂ.ಮೀ.ನ ಮಾಸ್ಟ್‌ಗಳು (ಹಾಯಿಯ ಕಂಬ), ಒಂದು ಬೂಮ್ (ಹಾಯಿಯನ್ನು ಕೈಯಲ್ಲಿ ಹಿಡಿಯುವ ಅಡ್ಡಪಟ್ಟಿ). ಸಸಿಹಿತ್ಲು ಅಳಿವೆಗೋ ಪಣಂಬೂರಿಗೋ ವಾರಕ್ಕೆರಡು ಸಲ ಹೋಗಬೇಕು. ಕೆಲವೊಮ್ಮೆ ಹೆಂಡತಿ, ಮಗಳೂ ಬರುತ್ತಾರೆ. ಕೈಯಲ್ಲಿರುವುದು ಎರಡು ಲಕ್ಷ, ಸ್ವಲ್ಪ ಎಳೆದರೆ ಎರಡೂವರೆ. ಹಳೆಯ ಓಮ್ನಿ ತೆಗೆದುಕೊಳ್ಳಲೇ, ಈಕೋ ಒಳ್ಳೆಯದೇ? ನಮ್ಮ ಭಾವ ಹಳದಿ ಬೋರ್ಡಿನ ಈಕೋ ಕಾರ್ಗೊ ಅಗ್ಗಕ್ಕಿದೆ, ಅದನ್ನೇ ತಗೋ ಅನ್ನುತ್ತಿದ್ದಾರೆ.
– ಓದುಗರು, ಸುರತ್ಕಲ್

ಉತ್ತರ: ಗಾಡಿ ನೋಡಲು ಹೊರಡುವ ಮುಂಚೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಪಿವಿಸಿ ಪೈಪ್ ತನ್ನಿ. ಅದನ್ನು 230 ಸೆಂ.ಮೀ.ಗೆ, ಅಂದರೆ ಹತ್ತಿರಹತ್ತಿರ ಏಳೂವರೆ ಅಡಿಗೆ ಕತ್ತರಿಸಿ. ನಿಮ್ಮ 460ರ ಮಾಸ್ಟನ್ನು ಬಿಚ್ಚಿ ಎರಡು ತುಂಡು ಮಾಡಿದರೆ ಒಂದೊಂದು ಅಷ್ಟುದ್ದ. ಹಳೆಯ ಫ್ರಿಜ್ಜಿನ ರಟ್ಟಿನ ಪೆಟ್ಟಿಯನ್ನು ಬಿಡಿಸಿ, ಅಂಟಿಸಿ, ಬೋರ್ಡಿನ ಆಕಾರಕ್ಕೆ ಕತ್ತರಿಸಿಕೊಳ್ಳಿ. ಯಾವ ಗಾಡಿ ನೋಡಲು ಹೋದರೂ ಇವೆರಡೂ ಜೊತೆಗಿರಲಿ. ಮಾರುವವನು ನಗಲಿ, ಪರವಾಗಿಲ್ಲ. ಓಡಿದ ಕಿಲೋಮೀಟರ್, ಮೈಲೇಜ್, ಟೈರ್ ಎಂದು ಅವನು ಹೇಳುವ ಕಥೆಗಿಂತ ಈ ಪೈಪು ಹೇಳುವ ಸತ್ಯ ದೊಡ್ಡದು. ಇಂಥ ಸಾಮಾನಿಗೆ ಗಾಡಿ ತೆಗೆದುಕೊಂಡು ಪರದಾಡಿದವರಲ್ಲಿ ಹೆಚ್ಚಿನವರಿಗೆ ಎಂಜಿನ್ ಕೈಕೊಟ್ಟಿರಲಿಲ್ಲ. ಹಿಂಬಾಗಿಲು ಮುಚ್ಚುತ್ತಿರಲಿಲ್ಲ.

ಲೆಕ್ಕ ನೋಡಿ. ಓಮ್ನಿಯ ಒಟ್ಟು ಉದ್ದವೇ 3370 ಮಿ.ಮೀ., ಈಕೋದ್ದು 3675. ಇದರಲ್ಲಿ ಮುಂದಿನ ಇಬ್ಬರು ಕೂರುವ ಜಾಗ ಕಳೆದರೆ, ಹಿಂದಿನ ಸೀಟುಗಳನ್ನೆಲ್ಲ ಬಿಚ್ಚಿಟ್ಟರೂ ಎರಡರಲ್ಲೂ ನಿಮ್ಮ ಪೈಪು ನೇರವಾಗಿ ಮಲಗುವುದು ಕಷ್ಟ. ಅದರ ತುದಿ ಮುಂದಿನ ಎರಡು ಸೀಟುಗಳ ನಡುವೆ ಹಾದು ಡ್ಯಾಶ್‌ಬೋರ್ಡ್ ಕಡೆಗೆ ಬರಬೇಕು. ಬರುತ್ತದೆ, ಬಂದರೆ ತಪ್ಪೇನಿಲ್ಲ. ಆದರೆ ಪೈಪ್ ಇಟ್ಟುಕೊಂಡೇ ಚಾಲಕನ ಸೀಟಿನಲ್ಲಿ ಕೂತು ಐದೂ ಗೇರ್ ಹಾಕಿ ನೋಡಿ (ಓಮ್ನಿಯಾದರೆ ನಾಲ್ಕು). ಮೊಣಕೈಗೆ ತಾಗಿದರೆ ಆ ಜೋಡಣೆ ಬೇಡ.

ಬೋರ್ಡಿನ ವಿಷಯ ಬೇರೆ. ಅಂಚಿನ ಮೇಲೆ ನಿಲ್ಲಿಸಿ ಎಡಗಡೆಗೆ ಒರಗಿಸಿದರೆ ಅದೂ ಒಳಗೆ ಹೋದೀತು. ಆದರೆ ಆಗ ನೀವೊಬ್ಬರೇ ಹೋಗಬೇಕು. ಹೆಂಡತಿ ಮಗಳು ಬರುವ ದಿನ ಬೋರ್ಡ್ ಮೇಲಿನ ಕ್ಯಾರಿಯರ್‌ಗೆ, ಉಳಿದದ್ದು ಒಳಗೆ. ಹಾಗಾಗಿ ಗಟ್ಟಿ ಕ್ಯಾರಿಯರ್ ಇರುವ ಗಾಡಿ ಸಿಕ್ಕರೆ ಅದಕ್ಕೆ ಐದು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಈಗ ಓಮ್ನಿಯೋ ಈಕೋನೋ? ನನಗೆ ಓಮ್ನಿ ಮೇಲೆ ಪ್ರೀತಿಯಿದೆ. 1984ರಲ್ಲಿ ‘ಮಾರುತಿ ವ್ಯಾನ್’ ಎಂದು ಬಂದು 2019ರವರೆಗೆ ತಯಾರಾದ ಗಾಡಿ. ಶಾಲೆಯ ಮಕ್ಕಳನ್ನೂ ಮದುವೆಯ ಊಟವನ್ನೂ ಹೊತ್ತದ್ದು ಅದೇ, ಸಿನಿಮಾದಲ್ಲಿ ಕಿಡ್ನಾಪ್ ಮಾಡಲು ಬರುತ್ತಿದ್ದದ್ದೂ ಅದೇ. 796 ಸಿಸಿಯ ಎಂಜಿನ್ ಬಿಚ್ಚಿ ಜೋಡಿಸಲು ಬಾರದ ಮೆಕ್ಯಾನಿಕ್ ನಮ್ಮ ಕರಾವಳಿಯಲ್ಲಿ ಇಲ್ಲ. ಸ್ಪೇರ್ ಪಾರ್ಟ್ ಅಗ್ಗ. ನಿಮ್ಮ ಬಜೆಟ್‌ಗೆ ಸುಮಾರಾದ ಈಕೋ ಸಿಗುವಾಗ ಒಳ್ಳೆಯ ಓಮ್ನಿಯೇ ಸಿಗುತ್ತದೆ.

ಆದರೂ ನಿಮಗೆ ಬೇಡ ಅನ್ನುತ್ತೇನೆ. ಓಮ್ನಿಯಲ್ಲಿ ಎಂಜಿನ್ ಇರುವುದು ಸೀಟಿನ ಕೆಳಗೆ, ಮುಂದೆ ನಿಮ್ಮ ಮೊಣಕಾಲೇ ಬಂಪರ್. ಅಪಘಾತ ಸುರಕ್ಷತೆಯ ಹೊಸ ನಿಯಮಗಳಿಗೆ ಅದನ್ನು ಒಗ್ಗಿಸಲಾಗದ್ದೇ ಅದು ನಿಂತುಹೋಗಲು ದೊಡ್ಡ ಕಾರಣ. ಊರೊಳಗೆ ಓಡಿಸುವುದು ಬೇರೆ. ನೀವು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ, ಟ್ಯಾಂಕರ್‌ಗಳ ನಡುವೆ, ತಲೆಯ ಮೇಲೆ ಬೋರ್ಡ್ ಹೊತ್ತುಕೊಂಡು ಹೋಗುವವರು. ಈಕೋ ಏನೂ ಕೋಟೆಯಲ್ಲ, ಅದೂ ಗೊತ್ತಿರಲಿ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ಆದರೂ ಮುಂದೆ ಒಂದು ಗೇಣು ಮೂತಿ ಇದೆ, 1.2 ಲೀಟರ್ ಎಂಜಿನ್ನಿನಲ್ಲಿ ಓಮ್ನಿಯ ಎರಡರಷ್ಟು ಶಕ್ತಿ ಇದೆ, ಹೆದ್ದಾರಿಯಲ್ಲಿ ಗಾಳಿ ಅಡ್ಡ ಹೊಡೆದಾಗ ಅಷ್ಟು ಓಲಾಡುವುದಿಲ್ಲ. 2019ರ ಈಚಿನದು ಸಿಕ್ಕರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ), ಚಾಲಕನ ಏರ್‌ಬ್ಯಾಗ್ ಇರುತ್ತವೆ. ಆದರೆ ಅದು ನಿಮ್ಮ ಎರಡೂವರೆಗೆ ಸಿಗುವುದು ಅನುಮಾನ. ಐದು ಸೀಟಿನ, ಬಿಳಿ ಬೋರ್ಡಿನ, ಪೆಟ್ರೋಲ್ ಈಕೋ ಹುಡುಕಿ, 2013ರಿಂದ 2016ರ ನಡುವಿನದು.

ಗ್ಯಾಸ್ ಗಾಡಿ ಬಂದರೆ ಸಿಲಿಂಡರ್ ಎಲ್ಲಿ ಕೂತಿದೆ ಎಂದು ಮೊದಲು ನೋಡಿ. ಪೈಪ್ ಮಲಗಬೇಕಾದ ಜಾಗದಲ್ಲೇ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. ಕಂಪನಿಯದ್ದಲ್ಲದೆ ಹೊರಗಿನ ಗ್ಯಾರೇಜಿನಲ್ಲಿ ಕೂರಿಸಿದ ಗ್ಯಾಸ್ ಕಿಟ್ ಆಗಿದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಎನ್‌ಜಿ ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಿರಬೇಕು.

ಭಾವ ಹೇಳಿದ ಹಳದಿ ಬೋರ್ಡಿನ ಕಾರ್ಗೊ ಯಾಕೆ ಅಗ್ಗ ಗೊತ್ತೇ? ಅದು ದುಡಿದ ಗಾಡಿ. ಮೇಲಿಂದ ಫಿಟ್‌ನೆಸ್, ವಾಣಿಜ್ಯ ತೆರಿಗೆ, ವಾಣಿಜ್ಯ ವಿಮೆ ಎಲ್ಲ ನಿಮ್ಮ ತಲೆಗೆ. ಹಿಂದೆ ಸೀಟಿಲ್ಲ, ಹೆಂಡತಿ ಮಗಳನ್ನು ಕೂರಿಸುವ ಹಾಗಿಲ್ಲ. ಅದನ್ನು ಬಿಳಿ ಬೋರ್ಡಿಗೆ ಬದಲಿಸಿಕೊಡುತ್ತೇನೆ ಎನ್ನುವ ಏಜೆಂಟ್ ಸಿಕ್ಕರೆ ಒಂದು ಚಹಾ ಕುಡಿಸಿ ಕಳಿಸಿ. ಭಾವನಿಗೂ ಒಂದು ಚಹಾ.

ಇನ್ನು ತುಕ್ಕು. ಈ ಉತ್ತರದಲ್ಲಿ ಒಂದೇ ಪ್ಯಾರಾ ಓದುತ್ತೀರಾದರೆ ಇದನ್ನು ಓದಿ. ಕೆಲವು ವರ್ಷಗಳ ಹಿಂದೆ ನಾನೇ ಒಬ್ಬ ದಲ್ಲಾಳಿಯಿಂದ ಓಮ್ನಿ ತೆಗೆದುಕೊಂಡಿದ್ದೆ. ಅಡಿಯೆಲ್ಲ ಹೊಸ ಕಪ್ಪು ಕೋಟಿಂಗ್, ಒಳಗೆ ಹೊಸ ಮ್ಯಾಟು, ಸುಗಂಧದ ಬಾಟಲಿ ಬೇರೆ. ಮೊದಲ ಮಳೆಗೆ ಹಿಂದಿನ ನೆಲ ಒದ್ದೆಯಾಯಿತು, ಮ್ಯಾಟ್ ಎತ್ತಿದರೆ ರಸ್ತೆ ಕಂಡಿತು. ಅದು ಮೀನು ಸಾಗಿಸುತ್ತಿದ್ದ ಗಾಡಿ. ಐಸ್ ಕರಗಿದ ಉಪ್ಪುನೀರು ವರ್ಷಗಟ್ಟಲೆ ನೆಲದ ಮಡಿಕೆಗಳಲ್ಲಿ ನಿಂತು ತಗಡನ್ನು ಹಪ್ಪಳ ಮಾಡಿತ್ತು. ಅಂದಿನಿಂದ ನಾನು ಹಳೆಯ ವ್ಯಾನ್ ನೋಡುವುದು ಮಧ್ಯಾಹ್ನ ಒಂದು ಗಂಟೆಗೆ. ಬಿಸಿಲಲ್ಲಿ ನಿಲ್ಲಿಸಿ, ಗಾಜು ಬಾಗಿಲು ಎಲ್ಲ ಹಾಕಿಸಿ, ಹತ್ತು ನಿಮಿಷ ಕಳೆದು ಹಿಂಬಾಗಿಲು ತೆರೆದು ಮೂಗು ಒಡ್ಡುತ್ತೇನೆ. ಬಂಗುಡೆಯ ವಾಸನೆಯನ್ನು ಯಾವ ಸುಗಂಧವೂ ಮುಚ್ಚುವುದಿಲ್ಲ.

ಮ್ಯಾಟ್ ಎತ್ತದೆ ಬೆಲೆ ಮಾತಾಡಬೇಡಿ. ಜಾರುಬಾಗಿಲಿನ ಕೆಳಗಿನ ಹಳಿಯಲ್ಲಿ ಬೆರಳು ಎಳೆಯಿರಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಅವು ಮರಳು ಕಟ್ಟಿ ಮುಚ್ಚಿದ್ದರೆ ಒಳಗಿಂದ ತಿಂದಿದೆ ಎಂದೇ ಲೆಕ್ಕ. ಜಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ. ಚಕ್ರದ ಮೇಲಿನ ಕಮಾನಿಗೆ ಫ್ರಿಜ್ಜಿನ ಮ್ಯಾಗ್ನೆಟ್ ಹಿಡಿಯಿರಿ, ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಅಡಿಯಲ್ಲಿ ಹೊಸದಾಗಿ ಕಪ್ಪು ಬಳಿದ ಗಾಡಿಯನ್ನು ಬಿಟ್ಟುಬಿಡಿ. ಧೂಳು ಹಿಡಿದ ಹಳೆಯ ಅಡಿಯೇ ನಂಬಿಕಸ್ಥ.

ಇದಕ್ಕೇ ನನ್ನ ಸಲಹೆ: ನಮ್ಮ ಕರಾವಳಿಯ ಕೆಎ 19, 20ರ ಗಾಡಿ ಬಿಟ್ಟು ಘಟ್ಟದ ಮೇಲಿನದು ಹುಡುಕಿ. ಹಾಸನದ ಕೆಎ 13, ಶಿವಮೊಗ್ಗದ 14, ಮೈಸೂರಿನ 09. ತೋಟದ ರಸ್ತೆಯಲ್ಲಿ ಕುಣಿದ ಗಾಡಿಗಳ ಸಸ್ಪೆನ್ಷನ್ ಬುಷ್‌ಗಳು ಸತ್ತಿರಬಹುದು. ಅವನ್ನು ಬದಲಿಸಬಹುದು. ತಿಂದುಹೋದ ನೆಲವನ್ನು ಟಿಂಕರಿಂಗ್‌ನವನೂ ಸರಿಯಾಗಿ ಉಳಿಸಿಕೊಡಲಾರ. ಕಾಸರಗೋಡಿನ ಕಡೆಯಿಂದ ಕೇರಳದ ಗಾಡಿ ಅಗ್ಗಕ್ಕೆ ಬಂದರೆ ಎರಡು ಮಾತು ನೆನಪಿಡಿ. ಇಲ್ಲಿ ಜೀವಾವಧಿ ತೆರಿಗೆ ಬೇರೆ ಕಟ್ಟಬೇಕು. ಜೊತೆಗೆ 2018ರ ನೆರೆಯಲ್ಲಿ ಮುಳುಗಿದ ಗಾಡಿ ಅದಲ್ಲ ಎಂದು ಖಾತ್ರಿಯಾಗಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಗಾಡಿ ತೊಳೆದವರು ಸುತ್ತಿಕೊಂಡಿರುವ ಬೆಲ್ಟಿನ ತುದಿ ತೊಳೆದಿರುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ.

ಕಾಗದದ ವಿಷಯ ಚುಟುಕಾಗಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಮಾಲೀಕತ್ವ, ವಿಮೆ, ಸಾಲದ ನಮೂದು, ಬಾಕಿ ದಂಡ ನೋಡಿ. ಸಾಲ ತೀರಿದ್ದರೂ ನಮೂದು ಉಳಿದಿದ್ದರೆ ಮಾರುವವರಿಂದಲೇ ಅದನ್ನು ತೆಗೆಸುವ ಫಾರಂ 35 ಮಾಡಿಸಿ, ಆಮೇಲೆ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ. ಗಾಡಿಗೆ ಹದಿನೈದು ವರ್ಷ ಹತ್ತಿರವಾಗಿದ್ದರೆ ಆರ್‌ಸಿ ನವೀಕರಣದ ಖರ್ಚನ್ನು ಬೆಲೆಯಿಂದ ಕಳೆಯಿರಿ. ಹಿಂದಿನ ಸೀಟನ್ನು ಶಾಶ್ವತವಾಗಿ ಕಿತ್ತು, ಕಟ್ ಮಾಡಿ, ವೆಲ್ಡ್ ಮಾಡಿ ಗಾಡಿಯ ರೂಪ ಬದಲಿಸಲು ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ.

ಗಾಡಿ ಮನೆಗೆ ಬಂದ ಮೇಲೆ ಮೊದಲ ಖರ್ಚು ಸ್ಟೀರಿಯೋ ಅಲ್ಲ, ನಾಲ್ಕು ಕೊಂಡಿ ಮತ್ತು ಎರಡು ಒಳ್ಳೆಯ ಬೆಲ್ಟ್. ಸೀಟಿನ ಬೋಲ್ಟ್ ಇರುವ ಜಾಗಕ್ಕೇ ಕೊಂಡಿ ಹಾಕಿಸಿ. ಕಾರ್ಬನ್ ಮಾಸ್ಟ್ ಅಂದರೆ ಏಳೂವರೆ ಅಡಿಯ ಈಟಿ, ಮುಂದೆ ದನ ಅಡ್ಡ ಬಂದು ಬ್ರೇಕ್ ಒತ್ತಿದರೆ ಅದು ನಿಮ್ಮ ಕಿವಿಯ ಪಕ್ಕದಲ್ಲೇ ಹೊರಡುತ್ತದೆ. ಮಾಸ್ಟ್‌ಗಳನ್ನು ನೆಲದಲ್ಲೇ ಮಲಗಿಸಿ ಬಿಗಿಯಿರಿ, ತಲೆಯ ಮಟ್ಟದಲ್ಲಿ ಬೇಡ.

ಈಕೋದಲ್ಲೂ ಎಂಜಿನ್ ಮುಂದಿನ ಸೀಟಿನ ಕೆಳಗೇ, ಬೋರ್ಡನ್ನು ಅದರ ಮುಚ್ಚಳಕ್ಕೆ ತಾಗಿಸಿ ಇಡಬೇಡಿ. ನಮ್ಮ ಕಡಲ ಗಾಳಿ ಏಳುವುದೇ ಮಧ್ಯಾಹ್ನದ ಮೇಲೆ, ಅಲ್ಲಿಯವರೆಗೆ ಗಾಡಿ ಬಿಸಿಲಲ್ಲಿ ಕಾಯುತ್ತದೆ, ಕೆಳಗಿಂದ ಎಂಜಿನ್ ಕಾಯುತ್ತದೆ. ಒಳಗಿನ ಫೋಮ್ ಉಬ್ಬಿ ಮೇಲಿನ ಪದರ ಬಿಟ್ಟುಕೊಂಡರೆ ಇಲ್ಲಿ ರಿಪೇರಿ ಮಾಡುವವರನ್ನು ಹುಡುಕುವುದೇ ಒಂದು ಯಾತ್ರೆ. ಬಿಳಿ ಬಣ್ಣದ ಗಾಡಿ ಸಿಕ್ಕರೆ ಅದಕ್ಕೂ ಒಂದು ಅಂಕ.

ಹಾಯಿ, ಸೊಂಟಕ್ಕೆ ಕಟ್ಟುವ ಹಾರ್ನೆಸ್ ಎಲ್ಲ ಒದ್ದೆಯಾಗಿ ಒಳಗೆ ಬರುತ್ತವೆ. ಅಡಕೆ ಒಣಗಿಸುವ ದಪ್ಪ ಟಾರ್ಪಾಲಿನ ನಾಲ್ಕೂ ಅಂಚು ಮಡಚಿ, ಮೂಲೆಗಳನ್ನು ಕಟ್ಟಿದರೆ ಒಳ್ಳೆಯ ತಟ್ಟೆ ಆಗುತ್ತದೆ. ಮನೆಗೆ ಬಂದ ಮೇಲೆ ಎತ್ತಿ ಅಂಗಳಕ್ಕೆ ಸುರಿದರೆ ಉಪ್ಪೂ ಮರಳೂ ಹೋಯಿತು. ರಬ್ಬರ್ ಮ್ಯಾಟನ್ನು ಮಾತ್ರ ಶಾಶ್ವತವಾಗಿ ಹಾಸಿಡಬೇಡಿ, ಅದರ ಅಡಿಯಲ್ಲೇ ತುಕ್ಕು ಹುಟ್ಟುವುದು. ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ನೀವೂ ಹೇಗೂ ನೀರಿಗಿಳಿಯುವುದಿಲ್ಲ. ಆಗ ಗಾಡಿಯನ್ನು ಟಾರ್ಪಾಲು ಹೊದೆಸಿ ಮರೆತುಬಿಡಬೇಡಿ. ಮಳೆ ಬಿಟ್ಟ ದಿನ ಬಾಗಿಲು ತೆರೆದಿಡಿ, ವಾರಕ್ಕೊಮ್ಮೆ ಪೇಟೆಗೆ ತರಕಾರಿ ತರಲಾದರೂ ಒಯ್ಯಿರಿ.

ಮರಳಿಗೆ ಇಳಿಸುವ ಆಸೆ ಬೇಡ. ಎರಡೂ ವ್ಯಾನ್‌ಗಳಲ್ಲಿ ಎಳೆಯುವುದು ಹಿಂದಿನ ಚಕ್ರ, ನಿಮ್ಮ ಸಾಮಾನಿನ ತೂಕವೋ ಹತ್ತಿಯಷ್ಟು. ಹೂತರೆ ಟೈರಿನ ಗಾಳಿ ಇಳಿಸಿ, ಮಡಲು ಹಾಸಿ, ಆಮೇಲೆ ಊರವರನ್ನು ಕರೆಯಿರಿ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ, ಸ್ವಿಫ್ಟ್ ಇದೆ. ಈಗಷ್ಟೇ ವಿಂಡ್‌ಸರ್ಫಿಂಗ್ ಕಲಿಯುತ್ತಿದ್ದೇನೆ. ಹಳೆಯ ನಿಸ್ಸಾನ್ ಇವಾಲಿಯಾ ಒಂದು ಕಣ್ಣಿಗೆ ಬಿದ್ದಿದೆ, ಕೊಳ್ಳಲೇ?
– ಓದುಗರು, ಹಲಸೂರು

ಉತ್ತರ: ಕಲಿಯುವವರಿಗೆ ಕ್ಲಬ್ಬಿನ ಬೋರ್ಡೇ ಸಾಕು, ಒಂದು ವರ್ಷ ವ್ಯಾನಿನ ಮಾತು ಬೇಡ. ಆಮೇಲೂ ಹುಚ್ಚು ಇಳಿಯದಿದ್ದರೆ ಇವಾಲಿಯಾ ಕೆಟ್ಟ ಯೋಚನೆಯಲ್ಲ. 4400 ಮಿ.ಮೀ. ಉದ್ದ, ಎರಡೂ ಕಡೆ ಜಾರುಬಾಗಿಲು, ತಗ್ಗಾದ ನೆಲ. ಹಾಯಿಯವರಿಗೆಂದೇ ಮಾಡಿದಂತಿದೆ. 2012ರಲ್ಲಿ ಬಂದು ಮೂರೇ ವರ್ಷದಲ್ಲಿ ನಿಂತಿತು, ಅದಕ್ಕೇ ಅಗ್ಗ. ಅದರ 1.5 ಲೀಟರ್ ಡೀಸೆಲ್ ಎಂಜಿನ್ ರೆನೊ ಡಸ್ಟರ್‌ನಲ್ಲೂ ಇದ್ದದ್ದೇ, ಹಾಗಾಗಿ ಎಂಜಿನ್ ಭಾಗಗಳಿಗೆ ತೊಂದರೆಯಿಲ್ಲ. ಬಾಗಿಲು, ಗಾಜು, ದೀಪ ಒಡೆದರೆ ಮಾತ್ರ ಗುಜರಿ ಅಂಗಡಿಗಳನ್ನು ಸುತ್ತಬೇಕು. ಜಾರುಬಾಗಿಲುಗಳನ್ನು ಇಪ್ಪತ್ತು ಸಲ ತೆರೆದು ಹಾಕಿ ನೋಡಿ.

ಪ್ರಶ್ನೆ: ಓದಲು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ಗೆ ಬಂದಿದ್ದೇನೆ, ಹೇಲಿಂಗ್ ದ್ವೀಪದಲ್ಲಿ ವಿಂಡ್‌ಸರ್ಫಿಂಗ್ ಮಾಡುತ್ತೇನೆ. ಇಲ್ಲಿ ಹಳೆಯ ವ್ಯಾನ್ ಕೊಳ್ಳುವಾಗ ಏನು ನೋಡಬೇಕು?
– ಓದುಗರು, ಪೋರ್ಟ್ಸ್‌ಮತ್

ಉತ್ತರ: ನಿಮ್ಮ ಅದೃಷ್ಟ, ಅಲ್ಲಿ ಗಾಡಿಯ ನಂಬರ್ ಹಾಕಿದರೆ ಅದರ ಎಂಒಟಿ ಪರೀಕ್ಷೆಗಳ (ಗಾಡಿ ರಸ್ತೆಗಿಳಿಯಲು ಯೋಗ್ಯವೇ ಎಂದು ವರ್ಷಕ್ಕೊಮ್ಮೆ ನೋಡುವ ತಪಾಸಣೆ) ಇತಿಹಾಸವೆಲ್ಲ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಕಾಣುತ್ತದೆ. ತುಕ್ಕಿನ ಎಚ್ಚರಿಕೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆಯೇ ಎಂದು ಓದಿ. ಚಳಿಗಾಲದಲ್ಲಿ ಅಲ್ಲಿನ ರಸ್ತೆಗೇ ಉಪ್ಪು ಹಾಕುತ್ತಾರೆ, ಕಡಲಿಗೆ ಹೋಗದ ಗಾಡಿಗೂ ತುಕ್ಕು ತಪ್ಪಿದ್ದಲ್ಲ. ಲಂಡನ್ನಿಗೆ ಹೋಗಿಬರುವ ಅಭ್ಯಾಸವಿದ್ದರೆ ಡೀಸೆಲ್ ವ್ಯಾನ್ ಯೂರೋ 6 ಹೊಗೆ ಮಾನದಂಡದ್ದಾಗಿರಲಿ, ಇಲ್ಲವಾದರೆ ದಿನಕ್ಕೆ 12.50 ಪೌಂಡ್ ಮಾಲಿನ್ಯ ಶುಲ್ಕ ಕಟ್ಟಬೇಕು. ಸಣ್ಣ ಬಜೆಟ್‌ಗೆ ಸಿಟ್ರೊಯೆನ್ ಬರ್ಲಿಂಗೋ ನೋಡಿ. ಮುಂದಿನ ಪಕ್ಕದ ಸೀಟು ಮಡಚಿ, ನಡುಗೋಡೆಯ ಕಿಂಡಿಯಿಂದ ಉದ್ದ ಸಾಮಾನು ತೂರಿಸುವ ಮಾದರಿಯೇ ಬೇಕೆಂದು ಕೇಳಿ. ಪಿವಿಸಿ ಪೈಪ್ ಅಲ್ಲೂ ಸಿಗುತ್ತದೆ.