ಓದುಗರ ಪ್ರಶ್ನೆ: ಫೈಲು ಒಂದು, ಬಾಯಿ ಎರಡು

ಪ್ರಶ್ನೆ: ನಾವಿಬ್ಬರು ಎಲ್‌ಎಲ್‌ಬಿ ಓದುತ್ತಿದ್ದೇವೆ, ಆರ್ಬಿಟ್ರೇಷನ್ ಮೂಟ್‌ಗೆ, ಅಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ವಾದಿಸುವ ಅಣಕು ಸ್ಪರ್ಧೆಗೆ, ಹೆಸರು ಕೊಟ್ಟಿದ್ದೇವೆ. ವಾದಕ್ಕೆ ಕೊಟ್ಟ ಸಮಸ್ಯೆ ಗೇರುಬೀಜದ ಆಮದಿನದು. ಮಂಗಳೂರಿನ ಖರೀದಿದಾರ, ಆಫ್ರಿಕದ ಮಾರಾಟಗಾರ. ಪಣಂಬೂರು ಬಂದರಿನಲ್ಲಿ ಇಳಿದ ಮಾಲಿನಲ್ಲಿ ತೇವಾಂಶ ಜಾಸ್ತಿ ಎಂಬ ತಕರಾರು. ನಾವು ಮಾರಾಟಗಾರನ ಕಡೆ, ಅಂದರೆ ತಕರಾರಿಗೆ ಉತ್ತರ ಕೊಡಬೇಕಾದ ರೆಸ್ಪಾಂಡೆಂಟ್. ಕೂಡಿಹಾಕಿದ ಕಾಗದ 200 ಪುಟ ದಾಟಿದೆ. ಎದ್ದು ನಿಂತಾಗ ಬೇಕಾದ ಹಾಳೆ ಮಾತ್ರ ಸಿಗುವುದಿಲ್ಲ.
– ಇಬ್ಬರು ವಿದ್ಯಾರ್ಥಿನಿಯರು, ಉಡುಪಿ

ಉತ್ತರ: ಆ 200 ಪುಟ ಮನೆಯಲ್ಲೇ ಇರಲಿ. ಮೇಜಿಗೆ ಬರುವ ಬೈಂಡರ್ 40 ಪುಟದ ಒಳಗಿರಬೇಕು. ಇಬ್ಬರಿಗೂ ಒಂದೊಂದು ಬೈಂಡರ್. ಎರಡರಲ್ಲೂ ಅದೇ ಹಾಳೆ, ಅದೇ ಕ್ರಮ, ಅದೇ ಟ್ಯಾಬ್ ಸಂಖ್ಯೆ. ಈ ಹೊಂದಾಣಿಕೆ ಇಲ್ಲದಿದ್ದರೆ ಜೊತೆಗಾರ್ತಿ ಚೀಟಿಯಲ್ಲಿ ‘ಟ್ಯಾಬ್ 4’ ಎಂದು ಬರೆದು ಸರಿಸಿದರೂ ಪ್ರಯೋಜನವಿಲ್ಲ.

ಟ್ಯಾಬ್ 1ರಲ್ಲಿ ಇಸವಿ-ತಾರೀಖಿನ ಪಟ್ಟಿ, ಒಂದೇ ಪುಟ. ಪ್ರತಿ ತಾರೀಖಿನ ಎದುರು ಸಮಸ್ಯೆಯ ಪ್ಯಾರಾ ಸಂಖ್ಯೆ. ಟ್ಯಾಬ್ 2ರಲ್ಲಿ ಒಪ್ಪಂದದ ಷರತ್ತುಗಳು, ಮೂಲದ ಮಾತಿನಲ್ಲೇ. ನಿಮ್ಮ ಸಾರಾಂಶ ಬೇಡ. ಟ್ಯಾಬ್ 3ರಲ್ಲಿ ಕಾಯ್ದೆಯ ಎಂಟೋ ಹತ್ತೋ ಸೆಕ್ಷನ್‌ಗಳ ಪೂರ್ಣ ಪಾಠ. ಟ್ಯಾಬ್ 4ರಲ್ಲಿ ತೀರ್ಪುಗಳು, ಒಂದೊಂದಕ್ಕೆ ಅರ್ಧ ಪುಟ: ಯಾವ ಪೀಠ, ಯಾವ ವರ್ಷ, ಸಂಗತಿ ಎರಡು ಸಾಲು, ಹೇಳಿದ್ದೇನು, ಯಾವ ಪ್ಯಾರಾ. ಕೊನೆಯ ಸಾಲನ್ನು ಎಲ್ಲರೂ ಬಿಡುತ್ತಾರೆ: ಎದುರಿನವರು ಇದೇ ತೀರ್ಪನ್ನು ಹೇಗೆ ತಿರುಗಿಸಬಹುದು ಎಂಬುದು. ಮಳೆಗಾಲವಾದರೆ ಲೇಸರ್ ಪ್ರಿಂಟೇ ತೆಗೆಸಿ. ಇಂಕ್‌ಜೆಟ್ ಹಾಳೆ ಬಸ್ಸಿಳಿದು ನಡೆಯುವಷ್ಟರಲ್ಲಿ ಹರಡಿಕೊಂಡಿರುತ್ತದೆ.

ಸಾಮಗ್ರಿ ಕೈಕೊಡುವುದು ಎರಡು ಕಡೆ. ಒಂದು, ಸೀಟ್, ಅಂದರೆ ಆರ್ಬಿಟ್ರೇಷನ್ನಿಗೆ ಯಾವ ಊರಿನ ಕಾನೂನು ಎಂದು ತೀರ್ಮಾನಿಸುವ ಸ್ಥಳ. ಒಪ್ಪಂದದ ಪ್ರಕಾರ ಆರ್ಬಿಟ್ರೇಷನ್ನಿನ ಸೀಟ್ ಸಿಂಗಾಪುರವಾಗಿದ್ದರೆ ನಮ್ಮ 1996ರ ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 16 (ಟ್ರಿಬ್ಯೂನಲ್, ಅಂದರೆ ಮಧ್ಯಸ್ಥಗಾರರ ಪೀಠ, ತನ್ನ ಅಧಿಕಾರವನ್ನು ತಾನೇ ತೀರ್ಮಾನಿಸುವ ಸೆಕ್ಷನ್) ಹಿಡಿದು ವಾದಿಸಲು ಬರುವುದಿಲ್ಲ. ಆ ಸೆಕ್ಷನ್ ಇರುವ ಮೊದಲ ಭಾಗ ಭಾರತದಲ್ಲಿ ಸೀಟ್ ಇರುವ ಪ್ರಕರಣಗಳಿಗೆ ಎಂದು ಸುಪ್ರೀಂ ಕೋರ್ಟಿನ 2012ರ ಬಾಲ್ಕೊ ತೀರ್ಪು ಹೇಳಿದೆ. ಎರಡು, ಬಿದ್ದುಹೋದ ತೀರ್ಪು. ಸ್ಟಾಂಪ್ ಇಲ್ಲದ ಒಪ್ಪಂದದ ಬಗ್ಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಎನ್.ಎನ್. ಗ್ಲೋಬಲ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಅದೇ ಡಿಸೆಂಬರ್‌ನಲ್ಲಿ ಏಳು ಮಂದಿಯ ಪೀಠ ತಳ್ಳಿಹಾಕಿತು. ಹಳೆಯ ಮೆಮೋರಿಯಲ್‌ನಿಂದ (ಮೂಟ್‌ನ ಲಿಖಿತ ವಾದ) ಎತ್ತಿಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ವಾದದ ಸುತ್ತು ಶುರುವಾಗುವ ಎರಡು ದಿನ ಮೊದಲು ಪ್ರತಿ ತೀರ್ಪನ್ನೂ ಮತ್ತೊಮ್ಮೆ ಹುಡುಕಿ ನೋಡಿ.

ಪ್ರಶ್ನೆ: ಅಧಿಕಾರವ್ಯಾಪ್ತಿ ನನಗೆ, ಮೆರಿಟ್ಸ್ (ತಕರಾರಿನ ತಿರುಳು) ಅವಳಿಗೆ ಎಂದು ಹಂಚಿಕೊಂಡಿದ್ದೇವೆ. ನನ್ನ ಭಾಗ ನಾನು, ಅವಳ ಭಾಗ ಅವಳು ಓದಿದರೆ ಸಾಲದೇ?
– ಅದೇ ಓದುಗರು

ಉತ್ತರ: ಸಾಲದು. ನಿಮ್ಮ ಸಮಸ್ಯೆಯನ್ನೇ ತೆಗೆದುಕೊಳ್ಳಿ. ‘ಸಹಿಯೇ ಆಗಿಲ್ಲ, ಒಪ್ಪಂದವೇ ಹುಟ್ಟಿಲ್ಲ, ಆದ್ದರಿಂದ ಟ್ರಿಬ್ಯೂನಲ್‌ಗೆ ಅಧಿಕಾರವಿಲ್ಲ’ ಎಂದು ನೀವು ಕೂರುತ್ತೀರಿ. ಅವಳು ಎದ್ದು ‘ಒಪ್ಪಂದದ ಪ್ರಕಾರ ಖರೀದಿದಾರ ಏಳು ದಿನದೊಳಗೆ ದೂರು ಕೊಡಬೇಕಿತ್ತು’ ಎನ್ನುತ್ತಾಳೆ. ಅಧ್ಯಕ್ಷರು ಕೇಳುವುದು ಒಂದೇ ಮಾತು: ಹುಟ್ಟದ ಒಪ್ಪಂದಕ್ಕೆ ಷರತ್ತು ಎಲ್ಲಿಂದ ಬಂತು? ಇದಕ್ಕೆ ಅವಳ ಮೊದಲ ವಾಕ್ಯವೇ ಉತ್ತರವಾಗಿರಬೇಕು: ‘ನನ್ನ ಸಹವಾದಿಯ ಆಕ್ಷೇಪವನ್ನು ಬಿಟ್ಟುಕೊಡದೆ, ಒಂದುವೇಳೆ ಒಪ್ಪಂದ ಇದೆ ಎಂದು ಟ್ರಿಬ್ಯೂನಲ್ ತೀರ್ಮಾನಿಸಿದರೆ...’ ಈ ಕೊಂಡಿ ವಾಕ್ಯವನ್ನು ಇಬ್ಬರೂ ಕೂತು ಬರೆಯಿರಿ, ಬಾಯಿಪಾಠ ಮಾಡಿ. ಮಿಕ್ಕದ್ದನ್ನು ಬಾಯಿಪಾಠ ಮಾಡಬೇಡಿ.

ಒಬ್ಬರು ಒಪ್ಪಿಕೊಂಡದ್ದು ಇಬ್ಬರನ್ನೂ ಕಟ್ಟುತ್ತದೆ. ಆದ್ದರಿಂದ ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಸುತರಾಂ ಬಿಡಬಾರದು ಎಂಬ ಎರಡು ಕಾಲಂ ಪಟ್ಟಿ ಬೈಂಡರ್‌ನ ಮುಂಭಾಗದ ಒಳಬದಿಗೆ ಅಂಟಿಸಿ. ತಾಲೀಮಿನಲ್ಲಿ ಮೂರರಲ್ಲಿ ಒಮ್ಮೆ ಭಾಗ ಅದಲುಬದಲು ಮಾಡಿ, ಇನ್ನೊಮ್ಮೆ ಕ್ಲೇಮೆಂಟ್ (ತಕರಾರು ತಂದ ಖರೀದಿದಾರ) ಕಡೆಯಿಂದ ವಾದಿಸಿ.

ಸಮಯದ ಲೆಕ್ಕ: ಒಬ್ಬರಿಗೆ 15 ನಿಮಿಷ ಇದ್ದರೆ 8 ನಿಮಿಷದ ಮಾತನ್ನಷ್ಟೇ ಕಟ್ಟಿಕೊಳ್ಳಿ. ಉಳಿದದ್ದನ್ನು ಪ್ರಶ್ನೆಗಳು ತಿನ್ನುತ್ತವೆ. ತಾಳಮದ್ದಳೆ ಕೇಳಿದವರಿಗೆ ಇದು ಹೊಸತಲ್ಲ: ಎದುರಿನವರು ಎತ್ತಿದ ಮಾತನ್ನು ಬಿಟ್ಟು ಕಲಿತುಬಂದದ್ದನ್ನು ಒಪ್ಪಿಸಿದರೆ ಅರ್ಥಗಾರಿಕೆ ಏರುವುದಿಲ್ಲ. ತಾಲೀಮಿಗೆ ಮೂರನೆಯವರೊಬ್ಬರನ್ನು ಕೂರಿಸಿ, ನಿಮಿಷಕ್ಕೊಮ್ಮೆ ಮಾತು ಕಡಿಯಲು ಹೇಳಿ. ಉತ್ತರದಲ್ಲಿ ಹೌದು ಅಥವಾ ಅಲ್ಲ ಮೊದಲು, ಕಾರಣ ಆಮೇಲೆ.

ಪ್ರಶ್ನೆ: ಜೊತೆಗಾರ ಮಾತಾಡುವಾಗ ನಾನು ಸುಮ್ಮನೆ ಕೂರಬೇಕೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಬಾಯಿ ಸುಮ್ಮನಿರಲಿ, ಕೈಗೆ ಬೇಕಾದಷ್ಟು ಕೆಲಸವಿದೆ. ಹಾಳೆಯ ಎಡಕ್ಕೆ ಟ್ರಿಬ್ಯೂನಲ್ ಕೇಳಿದ ಪ್ರಶ್ನೆಗಳು. ಅವಕ್ಕೆ ಉತ್ತರ ಅರ್ಧಕ್ಕೇ ನಿಂತಿದ್ದರೆ ನಿಮ್ಮ ಸರದಿಯಲ್ಲಿ ಪೂರ್ತಿ ಮಾಡಬಹುದು. ಬಲಕ್ಕೆ ಎದುರಿನವರ ತಪ್ಪುಗಳು, ಪ್ಯಾರಾ ಸಂಖ್ಯೆ ಸಮೇತ. ರಿಬಟಲ್‌ಗೆ (ಕೊನೆಯಲ್ಲಿ ಎದುರಿನವರಿಗೆ ಕೊಡುವ ಪ್ರತ್ಯುತ್ತರ) ಅವುಗಳಲ್ಲಿ ಎರಡನ್ನು ಮಾತ್ರ ಆರಿಸಿ. ಐದು ಹೇಳಹೊರಟವರ ಒಂದೂ ನಾಟುವುದಿಲ್ಲ. ಚೀಟಿಯಲ್ಲಿ ಟ್ಯಾಬ್ ಸಂಖ್ಯೆ ಮತ್ತು ಒಂದೇ ಪದ, ದಪ್ಪ ಅಕ್ಷರದಲ್ಲಿ. ತುಳುವಿನಲ್ಲಿ ಪಿಸುಗುಟ್ಟಿದರೂ ಪೀಠಕ್ಕೆ ಕೇಳಿಸುತ್ತದೆ, ಊರಿನವರೇ ಕೂತಿದ್ದರೆ ಅರ್ಥವೂ ಆಗುತ್ತದೆ!

ಎದುರಿನವರು ಮಾತಾಡುವಾಗ ತಲೆ ಅಲ್ಲಾಡಿಸಬೇಡಿ, ನಗಬೇಡಿ. ಕೋರ್ಟ್ ಮೂಟ್ ಮಾಡಿ ಬಂದವರ ಬಾಯಿಗೆ ‘ಮೈ ಲಾರ್ಡ್’ ತಾನಾಗಿ ಬರುತ್ತದೆ; ಇಲ್ಲಿ ‘ಮಿಸ್ಟರ್ ಪ್ರೆಸಿಡೆಂಟ್’ ಅಥವಾ ‘ಮೇಡಂ ಪ್ರೆಸಿಡೆಂಟ್’, ‘ಮೆಂಬರ್ಸ್ ಆಫ್ ದಿ ಟ್ರಿಬ್ಯೂನಲ್’ ಎನ್ನಬೇಕು. ಇದನ್ನು ಬೈಂಡರ್‌ನ ಮೊದಲ ಹಾಳೆಯ ತಲೆಯಲ್ಲೇ ಕೆಂಪಿನಲ್ಲಿ ಬರೆದಿಟ್ಟುಕೊಳ್ಳಿ.