ದೋಸೆ ರೇಟು ಕೇಳಿದ ಹುಡುಗಿ

ಮಕ್ಕಳ ಓದಿನ ಬಗ್ಗೆ ಪೋಷಕರಿಗೆ ಸಲಹೆ ಕೊಡುವುದು ನನ್ನ ಕೆಲಸ. ಡಿಸೆಂಬರ್ ಬಂದರೆ ಸಾಕು, ನನ್ನ ಮೇಜಿನ ಮೇಲೆ ಇಂಥ ಪತ್ರಗಳು ಬಂದು ಕೂರುತ್ತವೆ. ‘ಅಭಿನಂದನೆಗಳು, ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ.’ ದಪ್ಪ ಕಾಗದ, ಬಂಗಾರದ ಬಣ್ಣದ ಮುದ್ರೆ. ಹೈಸ್ಕೂಲು, ಜೂನಿಯರ್ ಕಾಲೇಜಿನ ಮಕ್ಕಳಿಗೆ ಅಮೆರಿಕದಲ್ಲಿ ಎರಡು ಮೂರು ವಾರ ಅರ್ಥಶಾಸ್ತ್ರ ಮತ್ತು ಲೀಡರ್‌ಶಿಪ್ ಕಲಿಸುವ ಬೇಸಿಗೆ ಕಾರ್ಯಕ್ರಮ. ಈ ಸಲ ಮೂರು ಮನೆಯವರು ಇದೇ ವಿಷಯಕ್ಕೆ ಬಂದರು. ಒಂದು ಮನೆಯ ಕಥೆ ಬರೆಯುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.

ತಂದೆ ಕುಂದಾಪುರದ ಕಡೆಯವರು. ಚಿಕ್ಕ ವಯಸ್ಸಿಗೇ ಮುಂಬಯಿಗೆ ಬಂದು, ಮಾಟುಂಗಾದಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಓದಿದವರು. ಈಗ ಠಾಣೆಯಲ್ಲಿ ಸ್ವಂತದ ಸಣ್ಣ ಹೋಟೆಲಿದೆ. ಮಗಳು ಹನ್ನೊಂದನೇ ಕ್ಲಾಸು, ಕಾಮರ್ಸ್. ಶುಲ್ಕ, ವಿಮಾನ ಎಲ್ಲ ಸೇರಿ ಎಂಟು ಲಕ್ಷದ ಹತ್ತಿರ. ಮುಂಗಡ ಕಟ್ಟಿ ಆಗಿತ್ತು. ಉಳಿದದ್ದಕ್ಕೆ ತಾಯಿಯ ಬಂಗಾರ ಬ್ಯಾಂಕಿಗೆ ಹೋಗುವುದಿತ್ತು. ‘ಮೇಡಂ, ನಾನು ನೈಟ್ ಸ್ಕೂಲಲ್ಲಿ ಓದಿದ್ದು. ಇವಳಾದ್ರೂ ಅಮೆರಿಕದ ಕ್ಲಾಸಲ್ಲಿ ಕೂತ್ಕೊಳ್ಲಿ’ ಅಂದರು. ತಮ್ಮವರ ಸಂಘದಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದರು. ನನ್ನ ಹತ್ತಿರ ಬಂದದ್ದು ಅರ್ಜಿಯ ಪ್ರಬಂಧ ತಿದ್ದಿಸಿಕೊಳ್ಳಲು ಮಾತ್ರ.

ಎರಡನೇ ಭೇಟಿಯಲ್ಲಿ ಹುಡುಗಿಯನ್ನು ಕೇಳಿದೆ. ‘ಅಲ್ಲಿ ಹೋಗಿ ಏನು ಕಲೀಬೇಕು ಅಂತ ಆಸೆ?’

‘ಗ್ಲೋಬಲ್ ಎಕ್ಸ್‌ಪೋಶರ್’ ಅಂದಳು. ‘ಲೀಡರ್‌ಶಿಪ್ ಸ್ಕಿಲ್ಸ್.’ ಎರಡೂ ಆ ಕಾರ್ಯಕ್ರಮದ ಕೈಪಿಡಿಯ ಮೊದಲ ಪುಟದಲ್ಲೇ ಇದ್ದವು. ನಾನು ಕೈಪಿಡಿ ತೆಗೆದು ಡ್ರಾಯರಿನಲ್ಲಿಟ್ಟೆ. ‘ಇದರಲ್ಲಿ ಇಲ್ಲದ್ದು ಒಂದು ಹೇಳು.’

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ತಂದೆಯ ಕಡೆ ನೋಡದೆ ಹೇಳಿದಳು. ‘ಅಪ್ಪಯ್ಯ ದೋಸೆ ರೇಟು ಯಾಕೆ ಏರಿಸಲ್ಲ ಅಂತ ನಂಗೆ ಗೊತ್ತಾಗ್ಬೇಕು. ಈರುಳ್ಳಿ ಏರುತ್ತೆ, ಗ್ಯಾಸ್ ಏರುತ್ತೆ. ಎದುರು ಹೋಟೆಲಿನವ್ರು ಏರಿಸ್ಲಿ ಅಂತ ಇವ್ರು ಕಾಯ್ತಾರೆ. ಇವ್ರು ಏರಿಸ್ಲಿ ಅಂತ ಅವ್ರು ಕಾಯ್ತಾರೆ. ಒಮ್ಮೆ ಏರಿಸಿದ್ಮೇಲೆ, ಈರುಳ್ಳಿ ಇಳಿದ್ರೂ ಯಾರೂ ಇಳಿಸಲ್ಲ.’

ತಂದೆ ಕುರ್ಚಿಯಲ್ಲಿ ಮುಂದೆ ಸರಿದರು. ‘ಹಾಗೆಲ್ಲ ಏರಿಸ್ಲಿಕ್ಕೆ ಆಗುದಿಲ್ಲ ಮಗಾ. ಬೆಳಿಗ್ಗೆ ಏಳಕ್ಕೆ ಬರುವ ಖಾಯಂ ಗಿರಾಕಿಗಳಿದ್ದಾರೆ. ಐದು ರೂಪಾಯಿ ಜಾಸ್ತಿ ಮಾಡಿದ್ರೆ ಮುಖ ನೋಡ್ತಾರೆ. ಬೋರ್ಡ್ ಬದಲಿಸ್ಬೇಕು, ಮೆನು ಕಾರ್ಡ್ ಬದಲಿಸ್ಬೇಕು. ಜಿಎಸ್‌ಟಿ 5 ಪರ್ಸೆಂಟ್ ಅಂತಾರೆ, ಸಾಮಾನಿಗೆ ಕಟ್ಟಿದ ಟ್ಯಾಕ್ಸ್ ನಮಗೆ ವಾಪಸ್ ಸಿಗುದಿಲ್ಲ. ಎಲ್ಲ ಲೆಕ್ಕ ಹಾಕಿ ಅಲ್ವಾ?’ ಸ್ವಲ್ಪ ತಡೆದು, ದನಿ ಇಳಿಸಿ ಹೇಳಿದರು. ‘ತೀರಾ ಏರಿದಾಗ ಪಲ್ಯಕ್ಕೆ ಈರುಳ್ಳಿ ಕಡಿಮೆ ಹಾಕಿ ಬಟಾಟೆ ಜಾಸ್ತಿ ಮಾಡ್ತೇವೆ.’

‘ಅಂದ್ರೆ ರೇಟು ಏರಿಸಿದ ಹಾಗೇ ಆಯ್ತಲ್ಲ!’ ಹುಡುಗಿ ಎದ್ದೇ ನಿಂತಳು.

ಇಪ್ಪತ್ತು ನಿಮಿಷ ಅವರಿಬ್ಬರೇ ಮಾತಾಡಿದರು. ನಾನು ಗಡಿಯಾರ ನೋಡಲಿಲ್ಲ. ವಾಶಿ ಮಾರ್ಕೆಟಿನ ಸಗಟು ದರ, 2023ರ ಡಿಸೆಂಬರಿನಲ್ಲಿ ಈರುಳ್ಳಿ ರಫ್ತು ನಿಲ್ಲಿಸಿದ್ದು, ಒಂದನೇ ತಾರೀಕಿಗೆ ಬದಲಾಗುವ 19 ಕಿಲೋ ಸಿಲಿಂಡರಿನ ಬೆಲೆ, ಎಲ್ಲ ಬಂತು. ಬೆಲೆ ಬದಲಿಸುವುದಕ್ಕೇ ತಗಲುವ ಖರ್ಚಿಗೆ ಅರ್ಥಶಾಸ್ತ್ರದಲ್ಲಿ ‘ಮೆನು ಕಾಸ್ಟ್’ ಅಂತಲೇ ಹೆಸರಿದೆ. ಅದನ್ನು ಹೇಳಿದೆ. ತಂದೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಈ ವರ್ಷ ಬೇಡ ಅಂತ ನಾನು ಸಲಹೆ ಕೊಟ್ಟದ್ದು ಅದೇ ದಿನ. ಯಾಕೆ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ‘ಹೋಟೆಲಿನವರ ಮಗಳಿಗೆ ಅಮೆರಿಕ ಯಾಕೆ ಅಂತ ಮೇಡಂ ತಪ್ಪಿಸಿದ್ರು’ ಅನ್ನುವ ಮಾತು ನನ್ನ ಕಿವಿಗೂ ಬಿತ್ತು. ಅದು ನನಗೆ ನೋವಾಯಿತು. ಆ ಹುಡುಗಿ ಹೋಗಬಾರದು ಅಂತ ನಾನು ಹೇಳಲಿಲ್ಲ. ಪ್ರಶ್ನೆ ಈಗಷ್ಟೇ ಹುಟ್ಟಿದೆ, ಬಂಗಾರ ಒತ್ತೆ ಇಟ್ಟು ಯಾರದೋ ಕೈಪಿಡಿಯ ಪ್ರಶ್ನೆಗೆ ಉತ್ತರ ತರಲು ಹೋಗುವುದು ಬೇಡ ಅಂದೆ.

ಆ ಪತ್ರವನ್ನು ಮೂವರೂ ಕೂತು ಮತ್ತೆ ಓದಿದೆವು. ದೊಡ್ಡ ಯೂನಿವರ್ಸಿಟಿಯ ಫೋಟೋ ಇತ್ತು, ಆದರೆ ನಡೆಸುವುದು ಖಾಸಗಿ ಕಂಪನಿ. ಬೇಸಿಗೆಯಲ್ಲಿ ಕ್ಯಾಂಪಸ್ಸಿನ ಕೋಣೆಗಳು ಬಾಡಿಗೆಗೆ ಸಿಗುತ್ತವೆ. ಕೋಣೆ ಅವರದ್ದಾದರೆ ಪಾಠವೂ ಅವರದ್ದೇ ಆಗಬೇಕಿಲ್ಲ. ಪಾಠ ಮಾಡುವವರ ಹೆಸರು ಎಲ್ಲೂ ಇರಲಿಲ್ಲ. ಇನ್ನೊಂದು ತೊಂದರೆಯನ್ನು ತುಂಬ ಮನೆಗಳಲ್ಲಿ ಯಾರೂ ಗಮನಿಸುವುದಿಲ್ಲ. ಅಮೆರಿಕದ ಬೇಸಿಗೆ ರಜೆ ಜೂನ್‌ನಿಂದ ಆಗಸ್ಟ್. ನಮ್ಮ ರಜೆ ಆಗ ಮುಗಿದಿರುತ್ತದೆ. ಇವಳು ಹೋಗಬೇಕಿದ್ದದ್ದು ಜುಲೈನಲ್ಲಿ, ಹನ್ನೆರಡನೇ ಕ್ಲಾಸಿನ ಪಾಠಗಳು ಶುರುವಾದ ಮೇಲೆ.

ಒಳ್ಳೆಯ ಕಾರ್ಯಕ್ರಮಗಳೂ ಇವೆ. ಫೌಂಡೇಶನ್ ಫಾರ್ ಟೀಚಿಂಗ್ ಎಕನಾಮಿಕ್ಸ್ ನಡೆಸುವ ‘ಎಕನಾಮಿಕ್ಸ್ ಫಾರ್ ಲೀಡರ್ಸ್’ ಒಂದು ವಾರದ್ದು. ಯೇಲ್ ಯೂನಿವರ್ಸಿಟಿಯೇ ನಡೆಸುವ ‘ಯಂಗ್ ಗ್ಲೋಬಲ್ ಸ್ಕಾಲರ್ಸ್’ ಎರಡು ವಾರದ್ದು, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ನೆರವು ಇದೆಯಾ ಅಂತ ಮೊದಲು ಕೇಳಿ. ಕೇಳಲು ನಾಚಿಕೆ ಬೇಡ. ಈ ತಂದೆ ಕೇಳಿರಲೇ ಇಲ್ಲ. ‘ಬಡವರು ಅಂತ ತಿಳ್ಕೊಂಡ್ರೆ?’ ಅಂದರು. ದುಡ್ಡು ಕೊಟ್ಟು ಪಡೆದ ಸರ್ಟಿಫಿಕೇಟಿಗೆ ಕಾಲೇಜಿನ ಅಡ್ಮಿಶನ್‌ನಲ್ಲಿ ಅಂಥ ತೂಕ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಪೋಷಕರಿಗೆ ನಂಬಿಕೆ ಬರುವುದಿಲ್ಲ.

ಬದಲಿಗೆ ಹುಡುಗಿಗೆ ಎರಡು ಕೆಲಸ ಕೊಟ್ಟೆ. ಅಮೆರಿಕದ ಬಿಸಿನೆಸ್ ಸ್ಕೂಲ್ ವಾರ್ಟನ್‌ನವರು ಹೈಸ್ಕೂಲು ಮಕ್ಕಳಿಗೆ ನಡೆಸುವ ಹೂಡಿಕೆ ಸ್ಪರ್ಧೆಗೆ ಶುಲ್ಕವಿಲ್ಲ. 4ರಿಂದ 7 ಮಕ್ಕಳ ತಂಡ, ಜೊತೆಗೆ ಶಿಕ್ಷಕರೊಬ್ಬರು ಬೇಕು. ಆ ತಂಡ ಕಟ್ಟುವುದೇ ಲೀಡರ್‌ಶಿಪ್ ಪಾಠ ಅಂತ ನಾನು ನಂಬುತ್ತೇನೆ. ಇನ್ನೊಂದು, ಅಪ್ಪನ ಗಲ್ಲಾದ ಪಕ್ಕ ಕೂತು ಒಂದು ವರ್ಷ ಲೆಕ್ಕ ಬರೆಯುವುದು: ಈರುಳ್ಳಿ, ಬಟಾಟೆ, ಸಿಲಿಂಡರ್, ಎದುರು ಹೋಟೆಲಿನ ದೋಸೆ.

ಮುಂಗಡದ ದುಡ್ಡು ವಾಪಸ್ ಬರಲಿಲ್ಲ. ಅದಕ್ಕೆ ತಂದೆಗೆ ನನ್ನ ಮೇಲೆ ಸ್ವಲ್ಪ ಬೇಜಾರು ಇನ್ನೂ ಇದೆ. ಸಂಘದಲ್ಲಿ ಕೇಳಿದವರಿಗೆ ‘ಮುಂದಿನ ವರ್ಷ’ ಅಂತ ಹೇಳುತ್ತಿದ್ದಾರಂತೆ. ಹೋದ ವಾರ ಹುಡುಗಿ ಪುಸ್ತಕದ ಒಂದು ಪುಟದ ಫೋಟೋ ಕಳಿಸಿದಳು. ಒಂದನೇ ತಾರೀಕಿನ ಸಿಲಿಂಡರ್ ಬೆಲೆ ಅವಳ ಅಕ್ಷರದಲ್ಲಿತ್ತು. ಅದರ ಕೆಳಗೆ ಬೇರೆ ಕೈಬರಹದಲ್ಲಿ, ಕನ್ನಡದಲ್ಲಿ, ಒಂದು ಸಾಲು: ‘ಈ ತಿಂಗಳು ಪಲ್ಯಕ್ಕೆ ಈರುಳ್ಳಿ ಸರಿಯಾಗಿ ಹಾಕಿದೆ.’