ಅಜೈಲ್ ಅಂದರೆ ದಿನಾ ಬೆಳಿಗ್ಗೆ ಮೀಟಿಂಗ್ ಮಾಡೋದಷ್ಟೇನಾ?

ಅಲ್ಲ, ಅಜೈಲ್ ಅನ್ನುವುದು ಸಾಫ್ಟ್‌ವೇರ್ ಕಟ್ಟುವ ಒಂದು ರೀತಿ, ಮೀಟಿಂಗ್ ಅದರ ಒಂದು ತುಣುಕು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಸಾಫ್ಟ್‌ವೇರ್ ಪರಿಣತರು ಬರೆದ ಪ್ರಣಾಳಿಕೆಯ ತಿರುಳು ಇದು: ವರ್ಷಗಟ್ಟಲೆ ಪ್ಲಾನ್ ಹಾಕುತ್ತ ಕೂರದೆ, ಬಳಸಲು ಬರುವಂಥದ್ದನ್ನು ಆಗಾಗ ಕೊಟ್ಟು, ಗ್ರಾಹಕರ ಮಾತು ಕೇಳಿ ತಿದ್ದಿಕೊಳ್ಳಿ.

ಬಹಳ ತಂಡಗಳು ಇದಕ್ಕೆ ಸ್ಕ್ರಮ್ ಅನ್ನುವ ಕೆಲಸದ ಚೌಕಟ್ಟನ್ನು ಬಳಸುತ್ತವೆ. ಮಾಡಬೇಕಾದ್ದೆಲ್ಲ ಬ್ಯಾಕ್‌ಲಾಗ್ ಪಟ್ಟಿಯಲ್ಲಿರುತ್ತದೆ. ಯಾವುದು ಮೊದಲು ಅನ್ನುವುದು ಪ್ರಾಡಕ್ಟ್ ಓನರ್ (ಉತ್ಪನ್ನದ ಹೊಣೆ ಹೊತ್ತವರು) ತೀರ್ಮಾನ, ಒಂದು ಸ್ಪ್ರಿಂಟ್‌ಗೆ, ಅಂದರೆ ಕೆಲಸದ ಒಂದು ಸುತ್ತಿಗೆ, ಎಷ್ಟು ಎತ್ತಿಕೊಳ್ಳಬೇಕು ಅನ್ನುವುದು ತಂಡದ್ದು. ಸ್ಪ್ರಿಂಟ್ ಸಾಮಾನ್ಯವಾಗಿ ಎರಡು ವಾರ, ಹೆಚ್ಚೆಂದರೆ ತಿಂಗಳು.

ದಿನದ 15 ನಿಮಿಷದ ಸಭೆ ಮ್ಯಾನೇಜರ್‌ಗೆ ವರದಿ ಒಪ್ಪಿಸಲಿಕ್ಕಲ್ಲ. ‘ಪೇಮೆಂಟ್ ಪೇಜ್ ಟೆಸ್ಟಿಂಗ್‌ನಲ್ಲೇ ನಿಂತಿದೆ, ಯಾರು ಕೈಜೋಡಿಸ್ತೀರಿ?’ ಅಂತ ತಂಡದವರು ತಮ್ಮತಮ್ಮಲ್ಲೇ ಕೇಳಿಕೊಳ್ಳಲಿಕ್ಕೆ. (ಹಾಜರಿ ಕರೆದಂತೆ ನಡೆಸುವ ಕಡೆ ಅದು ಬರೀ ಕಾಟ.) ಸ್ಪ್ರಿಂಟ್ ಕೊನೆಗೆ ಡೆಮೊ, ಆಮೇಲೆ ಎಲ್ಲಿ ತೊಡಕಾಯಿತು ಅಂತ ಚರ್ಚಿಸುವ ರೆಟ್ರೋಸ್ಪೆಕ್ಟಿವ್. ಡೆಡ್‌ಲೈನ್ ನೆಪದಲ್ಲಿ ಇದನ್ನು ಮಾತ್ರ ಬಿಡಬೇಡಿ.